ಶೀಟಿನಿಂದ ತೊಟ್ಟಿಕ್ಕುವುದು ಮಂಜಲ್ಲ: ಮಾಗಿ ಚಳಿ, ಎಮ್ಮೆಗರು ಮತ್ತು ಮುಚ್ಚಿಟ್ಟ ಕೊಟ್ಟಿಗೆ

ಪ್ರಶ್ನೆ: ಸರ್, ನಮ್ಮದು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿ. ನಾಲ್ಕು ಎಮ್ಮೆ ಇವೆ. ಹೋದ ವರ್ಷ ಚಳಿಗಾಲದಲ್ಲಿ ಎರಡು ಕರು ತಿಂಗಳು ತುಂಬುವ ಮೊದಲೇ ಸತ್ತವು. ಅದಕ್ಕೆ ಈ ಸಲ ದೀಪಾವಳಿ ಮುಗಿದ ಕೂಡಲೇ ಕೊಟ್ಟಿಗೆಗೆ ಸುತ್ತಲೂ ತಾಡಪಾಲು ಕಟ್ಟಿಸಿದೆವು. ಮೇಲೆ ತಗಡಿನ ಶೀಟು, ಕೆಳಗೆ ಸಿಮೆಂಟ್ ನೆಲ. ಆದರೂ ಬೆಳಗಿನ ಜಾವ ಒಳಗೆ ಮಂಜು ಬಿದ್ದು ಶೀಟಿನಿಂದ ತೊಟ್ಟಿಕ್ಕುತ್ತದೆ. ಆರು ವಾರದ ಕರು ಕೆಮ್ಮುತ್ತಿದೆ. ಹನ್ನೆರಡು ದಿನದ ಕರು ತೆಳ್ಳಗೆ ಸಗಣಿ ಹಾಕುತ್ತಿದೆ. ಅತ್ತೆ ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ನಳಿಗೆ) ಎಣ್ಣೆ ಕುಡಿಸಿದರು. ಸೊಳ್ಳೆಗೆ ರಾತ್ರಿ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ. ದೊಡ್ಡ ಎಮ್ಮೆಗಳಿಗೆ ಏನೂ ಆಗಿಲ್ಲ, ಕರುಗಳಿಗೇ ಯಾಕೆ ಹೀಗೆ? ಇನ್ನೊಂದು ಎಮ್ಮೆ ಈ ತಿಂಗಳು ಈಯುವುದಿದೆ. ಬಲ್ಬ್ ಹಾಕಿದರೆ ಸಾಕಾ?

ಉತ್ತರ: ತಾಯಿ, ಅರ್ಧ ಉತ್ತರವನ್ನು ನೀವೇ ಬರೆದುಬಿಟ್ಟಿದ್ದೀರಿ. ಶೀಟಿನಿಂದ ತೊಟ್ಟಿಕ್ಕುತ್ತದೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಮಂಜು ಬೀಳುವುದು ಶೀಟಿನ ಮೇಲ್ಗಡೆ. ಒಳಗಡೆ, ಅದೂ ಸುತ್ತ ತಾಡಪಾಲು ಕಟ್ಟಿದ ಕೊಟ್ಟಿಗೆಯ ಒಳಗಡೆ, ಅದು ಎಲ್ಲಿಂದ ಬರಬೇಕು? ಆ ನೀರು ನಿಮ್ಮ ಎಮ್ಮೆಗಳ ಉಸಿರು, ಗಂಜಲ, ಹಸಿ ಸಗಣಿಯಿಂದ ಎದ್ದ ಹಬೆ. ಒಂದು ದೊಡ್ಡ ಎಮ್ಮೆ ದಿನಕ್ಕೆ ಇಪ್ಪತ್ತು ಕೆಜಿಗೂ ಜಾಸ್ತಿ ಸಗಣಿ ಹಾಕುತ್ತದೆ, ಗಂಜಲ ಬೇರೆ. ನಿಮ್ಮಲ್ಲಿ ಅಂಥವು ನಾಲ್ಕು. ರಾತ್ರಿಯೆಲ್ಲ ಆ ಹಬೆ ಮೇಲೇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ, ತಣ್ಣಗಾದ ತಗಡಿಗೆ ತಗುಲಿ ನೀರಾಗಿ, ಬೆಳಗಿನ ಜಾವ ಕರುವಿನ ಬೆನ್ನ ಮೇಲೆ ಬೀಳುತ್ತದೆ. ಅನ್ನ ಬೇಯುವಾಗ ಮುಚ್ಚಳದ ಒಳಗಡೆ ನೀರು ಕೂರುತ್ತದಲ್ಲ, ಅದೇ ಲೆಕ್ಕ. ನೀವು ಚಳಿಯನ್ನು ಹೊರಗೆ ಇಟ್ಟಿರಿ, ಸರಿ. ಜೊತೆಗೆ ಹಬೆ, ಗಂಜಲದ ಘಾಟು, ಬೇವಿನ ಹೊಗೆ ಮೂರನ್ನೂ ಒಳಗೆ ಕೂಡಿಹಾಕಿದಿರಿ. ಕರುಗಳ ಕೆಮ್ಮಿಗೆ ನನ್ನ ಮೊದಲ ಅನುಮಾನ ಚಳಿಯ ಮೇಲಲ್ಲ, ಆ ತಾಡಪಾಲಿನ ಮೇಲೆ.

ಇದನ್ನು ಓದಿ ನಿಮ್ಮ ಮನೆಯವರ ಮೇಲೆ ರೇಗಬೇಡಿ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಡಾಕ್ಟ್ರಾಗಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಗಳೂರು ಕಡೆ ಒಬ್ಬ ರೈತರ ಕರುಗಳು ಹೀಗೇ ಕೆಮ್ಮುತ್ತಿದ್ದವು. ಬಯಲುಸೀಮೆ ಗಾಳಿ ಅಲ್ವಾ, ಇನ್ನೂ ಭದ್ರವಾಗಿ ಮುಚ್ಚಿ ಅಂತ ಹೇಳಿ, ಇಂಜೆಕ್ಷನ್ ಕೊಟ್ಟು ಬಂದೆ. ಅವರು ಪಾಪ ಹೇಳಿದ ಹಾಗೇ ಮುಚ್ಚಿದರು. ಒಂದು ವಾರಕ್ಕೆ ಕರು ಸತ್ತಿತು ಅಂತ ಕರೆ ಬಂತು. ಬೆಳಗಿನ ಜಾವ ಐದಕ್ಕೇ ಹೋದೆ. ಹಾಗೆ ಹೋಗಿದ್ದೇ ಒಳ್ಳೆಯದಾಯಿತು. ಹಗಲು ಹೋದಾಗ ಬಾಗಿಲು ತೆಗೆದಿರುತ್ತಿತ್ತು, ಏನೂ ಗೊತ್ತಾಗುತ್ತಿರಲಿಲ್ಲ. ಐದು ಗಂಟೆಗೆ ಒಳಗೆ ಕಾಲಿಟ್ಟರೆ ಕಣ್ಣಲ್ಲಿ ನೀರು. ಬಗ್ಗಿ ಕರುವನ್ನು ಮುಟ್ಟಲು ಹೋದರೆ ಗಂಟಲು ಕಚ್ಚಿಕೊಂಡಿತು. ನಿಂತಾಗ ಅಷ್ಟಿಲ್ಲ, ಬಗ್ಗಿದಾಗ ಉಸಿರಾಡಲು ಆಗುತ್ತಿಲ್ಲ. ಕರು ರಾತ್ರಿಯಿಡೀ ಅಲ್ಲೇ ಮಲಗಿರುತ್ತದೆ ಅನ್ನುವುದು ಆವತ್ತು ನನಗೆ ಹೊಳೆಯಿತು.

ಆ ಘಾಟು ಅಮೋನಿಯಾ. ಗಂಜಲದಲ್ಲಿ ಯೂರಿಯಾ ಇರುತ್ತದೆ. ಸಗಣಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಗಂಜಲ ಹರಿದು ಹೋದರೆ ತೊಂದರೆ ಕಡಿಮೆ. ಸಗಣಿ ಜೊತೆ ಕಲಸಿಕೊಂಡು ನಿಂತರೆ ತೊಂದರೆ ಜಾಸ್ತಿ. ಕರುವಿನ ಶ್ವಾಸನಾಳದ ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಒಳಗೆ ಬಂದ ಧೂಳು, ಕ್ರಿಮಿಗಳನ್ನು ಲೋಳೆಯ ಜೊತೆ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಅಮೋನಿಯಾ ತಾಗುತ್ತಾ ಹೋದರೆ ಈ ಪೊರಕೆ ಕೆಲಸ ನಿಲ್ಲಿಸುತ್ತದೆ. ಆಗ, ಗಂಟಲಲ್ಲಿ ಮೊದಲೇ ಸುಮ್ನೆ ಕೂತಿದ್ದ ಕ್ರಿಮಿಗಳು ಕೆಳಗಿಳಿದು ಶ್ವಾಸಕೋಶ ಸೇರುತ್ತವೆ. ಅದೇ ನ್ಯುಮೋನಿಯಾ. ದಿನದ ಮುಕ್ಕಾಲು ಪಾಲು ನೆಲಕ್ಕೆ ಮೂಗು ಹಚ್ಚಿ ಮಲಗುವ ಎಳೆಗರುವಿಗೂ, ನಾಲ್ಕಡಿ ಮೇಲೆ ತಲೆ ಎತ್ತಿ ನಿಂತ ಎಮ್ಮೆಗೂ ಒಂದೇ ಕೊಟ್ಟಿಗೆಯಲ್ಲಿ ಬೇರೆ ಬೇರೆ ಗಾಳಿ. ಕರುಗಳಿಗೇ ಯಾಕೆ ಅಂತ ಕೇಳಿದಿರಲ್ಲ, ಇದು ಒಂದು ಕಾರಣ.

ಇನ್ನೊಂದು ಕಾರಣ ಹೊಟ್ಟೆಯಲ್ಲಿದೆ. ಮಾಗಿಯ ಬೆಳಿಗ್ಗೆ ತಿಪ್ಪೆ ಕೆದಕಿದರೆ ಒಳಗಿಂದ ಹಬೆ ಏಳುತ್ತದಲ್ಲ? ದೊಡ್ಡ ಎಮ್ಮೆಯ ಹೊಟ್ಟೆಯಲ್ಲೂ ಹುಲ್ಲು ಹಾಗೇ ಕೊಳೆತು ಕಾವು ಹುಟ್ಟುತ್ತದೆ. ಅದಕ್ಕೆ ಹೊತ್ತುಕೊಂಡು ತಿರುಗುವ ಒಲೆ ಇದ್ದ ಹಾಗೆ, ನಮ್ಮ ಕಡೆಯ ಚಳಿ ಅದಕ್ಕೆ ಲೆಕ್ಕವೇ ಅಲ್ಲ. ಎಳೆಗರುವಿಗೆ ಆ ಹೊಟ್ಟೆ ಇನ್ನೂ ತಯಾರಾಗಿಲ್ಲ, ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾವು ಬರಬೇಕಾದ್ದು ಕುಡಿದ ಹಾಲಿನಿಂದ. ಹುಟ್ಟುವಾಗ ಮೈಯಲ್ಲಿ ಸ್ವಲ್ಪ ಕೊಬ್ಬು ಇಟ್ಟುಕೊಂಡು ಬಂದಿರುತ್ತದೆ, ಹಾಲು ಸಿಗದಿದ್ದರೆ ಅದು ಒಂದು ದಿನಕ್ಕೆ ಖಾಲಿ. ಮೇಲಾಗಿ ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ದೊಡ್ಡ ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿರುತ್ತದೆ, ತಂಬಿಗೆಯದು ಕಾಲು ಗಂಟೆಗೆ ತಣ್ಣಗಾಗುತ್ತದೆ.

ಹಾಗಾದರೆ ಚಳಿ ಏನೂ ಮಾಡುವುದಿಲ್ಲವಾ? ಮಾಡುತ್ತದೆ. ಆದರೆ ಎಷ್ಟು ಚಳಿ ಅನ್ನುವುದನ್ನು ನೋಡಬೇಕು. ಮೂರು ವಾರದೊಳಗಿನ ಕರು, ಮೈ ಒಣಗಿದ್ದು ಗಾಳಿ ಬಡಿಯದಿದ್ದರೆ, ಸುಮಾರು 15 ಡಿಗ್ರಿವರೆಗೆ ಆರಾಮಾಗಿರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಮೈ ಬಿಸಿ ಇಟ್ಟುಕೊಳ್ಳಲು ಹಾಲಿನ ಶಕ್ತಿ ಸುಡಬೇಕಾಗುತ್ತದೆ. ತಿಂಗಳು ದಾಟಿ ಚೆನ್ನಾಗಿ ಕುಡಿದು ತಿನ್ನುವ ಕರು 5 ಡಿಗ್ರಿಯನ್ನೂ ತಡೆಯುತ್ತದೆ. ಇದು ಹಸುಗರುಗಳ ಲೆಕ್ಕ, ಎಮ್ಮೆಗರುವಿಗೂ ಹತ್ತಿರ ಹತ್ತಿರ ಅದನ್ನೇ ಹಿಡಿಯುತ್ತೇವೆ. ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ 14, 15 ಡಿಗ್ರಿ ಸಾಮಾನ್ಯ, ಕೆಲವು ದಿನ 12ಕ್ಕೂ ಇಳಿಯುತ್ತದೆ. ಅಂದರೆ ನಮ್ಮ ಚಳಿ ಸರಿಯಾಗಿ ಗಡಿಯ ಮೇಲೆ ನಿಂತಿದೆ. ಒಣಗಿದ ಹಾಸಿಗೆ ಮೇಲೆ ಮಲಗಿದ ಕರು ಈಚೆ ಕಡೆ ಉಳಿಯುತ್ತದೆ, ಒದ್ದೆ ಸಿಮೆಂಟಿನ ಮೇಲೆ ಮಲಗಿದ ಕರು ಆಚೆ ಬೀಳುತ್ತದೆ. ಇಬ್ಬರಿಗೂ ಚಳಿ ಒಂದೇ.

ಈ ತಾಡಪಾಲು ಕಟ್ಟುವ ರೂಢಿ ಇತ್ತೀಚೆಗೆ ಜಾಸ್ತಿಯಾಗಿದೆ. ಯೂಟ್ಯೂಬಿನಲ್ಲಿ ಹರಿಯಾಣದ ಮುರ್ರಾ ಎಮ್ಮೆ ಸಾಕುವವರ ವಿಡಿಯೊ ನೋಡಿ ಮಾಡುತ್ತಾರೆ ಅಂತ ನನ್ನ ಅನುಮಾನ. ಅವರದ್ದು ಬೇರೆ ಊರು. ಹಿಸಾರ್, ರೋಹ್ತಕ್ ಕಡೆ ರಾತ್ರಿ 4, 5 ಡಿಗ್ರಿಗೆ ಇಳಿಯುತ್ತದೆ. ಮಂಜು ಮುಸುಕಿದ ದಿನ ಹಗಲೂ ಬಿಸಿಲೇ ಕಾಣುವುದಿಲ್ಲ. ನಮ್ಮಲ್ಲಿ ರಾತ್ರಿ 14 ಇದ್ದರೆ ಮಧ್ಯಾಹ್ನ 29, 30. ಅವರ ಕೊಟ್ಟಿಗೆಯನ್ನು ಇಲ್ಲಿ ಕಟ್ಟಿದರೆ ಕರು ರಾತ್ರಿ ಘಾಟು ಕುಡಿದು, ಹಗಲು ತಗಡಿನ ಕೆಳಗೆ ಬೇಯುತ್ತದೆ. ಮಧ್ಯಾಹ್ನ ಬೆವೆತು ಒದ್ದೆಯಾದ ಮೈಗೆ ಸಂಜೆ ಚಳಿ ಹತ್ತುತ್ತದೆ. ಹದಿನೈದು ಡಿಗ್ರಿ ಏರಿಳಿತವೇ ಎಳೆಗರುವಿಗೆ ಒಂದು ಕಾಟ.

ಈಗ ಏನು ಮಾಡಬೇಕು ಅಂತ ನೋಡೋಣ. ತಾಡಪಾಲು ಬಿಚ್ಚಿ ಎಸೆಯಬೇಡಿ, ಅದು ಕೆಲಸಕ್ಕೆ ಬರುತ್ತದೆ. ಕಟ್ಟಿರುವ ರೀತಿ ಉಲ್ಟಾ ಆಗಿದೆ ಅಷ್ಟೆ. ಎಲ್ಲರೂ ಶೀಟಿನ ಅಂಚಿಗೆ ಕಟ್ಟಿ ಕೆಳಕ್ಕೆ ಇಳಿಬಿಡುತ್ತಾರೆ. ಮೇಲೆ ಬಿಗಿ, ಕೆಳಗೆ ಒಂದಡಿ ಸಂದು. ಆ ಸಂದಿನಿಂದ ನುಗ್ಗುವ ಗಾಳಿ ನೇರ ಮಲಗಿದ ಕರುವಿಗೆ, ಮೇಲೆ ಹೋಗಬೇಕಾದ ಹಬೆ ಒಳಗೇ. ನೀವು ನೆಲಕ್ಕೆ ಭದ್ರ ಮಾಡಿ ಮೇಲಕ್ಕೆ ಕಟ್ಟಿ. ನೆಲದಿಂದ ನಾಲ್ಕಡಿಯವರೆಗೆ ಸಂದಿಲ್ಲದ ಹಾಗೆ ಮುಚ್ಚಿ, ಅದರ ಮೇಲೆ ಸೂರಿನವರೆಗೆ ತೆರೆದು ಬಿಡಿ. ತೀರಾ ಗಾಳಿ ಬೀಸುವ ರಾತ್ರಿ ಇನ್ನಷ್ಟು ಏರಿಸಿಕೊಳ್ಳಬಹುದು. ಆದರೆ ಸೂರಿನ ಕೆಳಗೆ ಎದುರು ಬದುರು ಎರಡೂ ಕಡೆ ಒಂದಡಿ, ಒಂದೂವರೆ ಅಡಿ ಯಾವತ್ತೂ ತೆರೆದೇ ಇರಬೇಕು. ಕರು ಮಲಗುವುದು ಎರಡಡಿಯೊಳಗೆ. ಅದರ ತಲೆಯ ಮೇಲೆ ಗಾಳಿ ಓಡಾಡಿದರೆ ಅದಕ್ಕೇನೂ ಆಗುವುದಿಲ್ಲ.

ಯಾವ ಕಡೆ ಮುಚ್ಚಬೇಕು? ಚಳಿಗಾಲದಲ್ಲಿ ನಮ್ಮಲ್ಲಿ ಬೀಸುವುದು ಮೂಡಗಾಳಿ, ಈಶಾನ್ಯದ ಕಡೆಯಿಂದ. ಗಾಳಿಯಂತ್ರ ನಿಲ್ಲಿಸಿರುವ ಜಿಲ್ಲೆಯವರಿಗೆ ಗಾಳಿಯ ವಿಚಾರ ನಾನು ಹೇಳಬೇಕಾಗಿಲ್ಲ ಬಿಡಿ. ಹಾಗಾಗಿ ಮೂಡಲ ಮತ್ತು ಬಡಗಲ ಬದಿ ರಾತ್ರಿ ಮುಚ್ಚಿ, ತೆಂಕಲು ಬದಿ ಆದಷ್ಟು ತೆರೆದಿಡಿ. ಚಳಿಗಾಲದಲ್ಲಿ ಸೂರ್ಯ ತೆಂಕಲಿಗೆ ವಾಲಿರುತ್ತಾನೆ, ಬಿಸಿಲು ಆ ಕಡೆಯಿಂದ ಕೊಟ್ಟಿಗೆ ಒಳಗೆ ಬಂದು ನೆಲ ಒಣಗಿಸುತ್ತದೆ. ಇದರಲ್ಲಿ ಒಂದು ತೊಡಕಿದೆ, ಬೆಳಗಿನ ಎಳೆಬಿಸಿಲು ಬರುವುದೂ ಮೂಡಲಿಂದಲೇ. ಅದಕ್ಕೆ ಆ ಬದಿಗೆ ಸುತ್ತಿ ಎತ್ತುವ ಹಾಗೆ ತಾಡಪಾಲು ಇರಲಿ. ಇಲ್ಲದಿದ್ದರೆ ತೆಂಗಿನ ಗರಿಯ ತಡಿಕೆ ಮಾಡಿ ಒರಗಿಸಿ, ಎಂಟೂವರೆ ಒಂಬತ್ತಕ್ಕೆ ತೆಗೆದಿಡಿ. ಹೊಳಲ್ಕೆರೆಯಲ್ಲಿ ತೆಂಗಿನ ಗರಿಗೆ ಬರವೇ? ನನ್ನನ್ನು ಕೇಳಿದರೆ ತಾಡಪಾಲಿಗಿಂತ ತಡಿಕೆಯೇ ವಾಸಿ. ಗಾಳಿಯ ರಭಸ ಮುರಿಯುತ್ತದೆ, ಉಸಿರು ಕಟ್ಟಿಸುವುದಿಲ್ಲ.

ಸರಿಯಾಗಿದೆಯಾ ಅಂತ ತಿಳಿಯಲು ಒಂದು ಊದುಬತ್ತಿ ಸಾಕು. ರಾತ್ರಿ ಮಲಗುವ ಮುಂಚೆ ಕರು ಮಲಗಿದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಹಚ್ಚಿ ಹಿಡಿಯಿರಿ. ಹೊಗೆ ಅಡ್ಡಕ್ಕೆ ಹಾರಿಹೋದರೆ ಅಲ್ಲಿ ಗಾಳಿ ನುಗ್ಗುತ್ತಿದೆ, ಸಂದು ಹುಡುಕಿ ಮುಚ್ಚಿ. ನಿಧಾನಕ್ಕೆ ಮೇಲೇರಿ ಸೂರಿನ ಸಂದಿನಲ್ಲಿ ಹೊರಗೆ ಹೋದರೆ ಸರಿ ಇದೆ. ಮೇಲೆ ಹೋಗಿ ಅಲ್ಲೇ ಜೋತುಬಿದ್ದರೆ ಇನ್ನೂ ತೆರೆಯಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಹೋದಾಗ ಮೂಗಿಗೆ ಘಾಟು ಹೊಡೆಯಬಾರದು, ಬಗ್ಗಿದಾಗ ಕೂಡ. ಶೀಟಿಗೆ ಮಾತ್ರ ಬೇರೆ ಉಪಾಯ ಬೇಕು. ತಗಡು ರಾತ್ರಿ ಆಕಾಶಕ್ಕೆ ಕಾವು ಬಿಟ್ಟುಕೊಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಕರು ಕಟ್ಟುವ ಮೂಲೆಯಲ್ಲಾದರೂ ಶೀಟಿನ ಕೆಳಗೆ ಬಿದಿರು ಗಳ ಕೊಟ್ಟು ಅಡಿಕೆ ಸೋಗೆ ಇಲ್ಲವೇ ತೆಂಗಿನ ಗರಿ ಹೊದಿಸಿ. ಹನಿ ನಿಲ್ಲುತ್ತದೆ, ಮಧ್ಯಾಹ್ನದ ಝಳವೂ ಇಳಿಯುತ್ತದೆ.

ನೆಲದ ವಿಚಾರಕ್ಕೆ ಬಂದರೆ, ಇಲ್ಲಿ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಗೋಡೆಗೆ ಮಾಡುವ ಖರ್ಚಿನ ಕಾಲು ಭಾಗ ಹಾಸಿಗೆಗೆ ಮಾಡಿದರೆ ಹೆಚ್ಚು ಕರು ಉಳಿಯುತ್ತವೆ ಅಂತ ನನ್ನ ಇಷ್ಟು ವರ್ಷದ ಅನುಭವ. ಸಿಮೆಂಟ್ ನೆಲ ತೊಳೆಯಲು ಸಲೀಸು, ಆದರೆ ಕರುವಿನ ಮೈಯ ಕಾವನ್ನು ಹೀರುತ್ತಲೇ ಇರುತ್ತದೆ. ಮೊದಲು ಒಂದು ತಂಬಿಗೆ ನೀರು ನೆಲದ ಮೇಲೆ ಸುರಿದು ಯಾವ ಕಡೆ ಹರಿಯುತ್ತದೆ ನೋಡಿ. ಹತ್ತು ಅಡಿಗೆ ಎರಡು ಮೂರು ಇಂಚಾದರೂ ಇಳಿಜಾರು ಇರಬೇಕು. ಎಷ್ಟೋ ಮನೆಗಳಲ್ಲಿ ಕರುವಿಗೆ ಅಂತ ಕೊಡುವುದು ಮೂಲೆ, ಆ ಮೂಲೆ ಸರಿಯಾಗಿ ಇಳಿಜಾರಿನ ಕೊನೆಯಲ್ಲಿರುತ್ತದೆ. ದೊಡ್ಡ ಎಮ್ಮೆಗಳು ಹೊಯ್ದದ್ದೆಲ್ಲ ಹರಿದು ಬಂದು ಕರುವಿನ ಹೊಟ್ಟೆ ಕೆಳಗೆ ನಿಲ್ಲುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಗೂಟ ಇವತ್ತೇ ಕಿತ್ತು ಎತ್ತರದ ಬದಿಗೆ ಹಾಕಿ. ಮೂರು ತಿಂಗಳೊಳಗಿನ ಕರುವಿಗೆ ಸೂರಿನ ಕೆಳಗೆ ಹತ್ತು ಹನ್ನೊಂದು ಚದರ ಅಡಿ ಜಾಗ ಸಾಕು. ಅದಕ್ಕಿಂತ ಕಡಿಮೆಯಾದರೆ ಒದ್ದೆ ಬಿಟ್ಟು ಪಕ್ಕಕ್ಕೆ ಮಲಗಲು ಅದಕ್ಕೆ ಎಡೆ ಇರುವುದಿಲ್ಲ.

ಹಾಸಿಗೆ ಎರಡು ಪದರ ಮಾಡಿ. ಕೆಳಗೆ ಭತ್ತದ ಹೊಟ್ಟು ಮೂರು ನಾಲ್ಕು ಇಂಚು. ದಾವಣಗೆರೆ ಕಡೆಯ ಅಕ್ಕಿ ಮಿಲ್ಲುಗಳಲ್ಲಿ ಅದು ಗುಡ್ಡೆ ಬಿದ್ದಿರುತ್ತದೆ, ಒಂದು ಟ್ರ್ಯಾಕ್ಟರ್ ಲೋಡ್ ತರಿಸಿದರೆ ಎರಡು ಮೂರು ಮನೆಯವರು ಹಂಚಿಕೊಳ್ಳಬಹುದು. ಹೊಟ್ಟು ಗಂಜಲವನ್ನು ಕೆಳಕ್ಕೆ ಇಳಿಸುತ್ತದೆ, ಆದರೆ ಕಾವು ಹಿಡಿಯುವುದಿಲ್ಲ. ಕಾವು ಹಿಡಿಯಲು ಮೇಲೆ ಅರ್ಧ ಅಡಿ ಒಣ ಭತ್ತದ ಹುಲ್ಲು ಬೇಕು. ಕರು ಅದರೊಳಗೆ ಹುದುಗಿ ಮಲಗಬೇಕು, ಹಕ್ಕಿ ಗೂಡಲ್ಲಿ ಕೂತ ಹಾಗೆ. ಮಲಗಿದ ಕರುವಿನ ಕಾಲು ಹುಲ್ಲಿನಲ್ಲಿ ಮುಚ್ಚಿಹೋಗಿ ಕಾಣದಿದ್ದರೆ ಹುಲ್ಲು ಸಾಕಾಗಿದೆ, ಕಾಲು ಪೂರ್ತಿ ಕಾಣುತ್ತಿದ್ದರೆ ಇನ್ನೂ ಹಾಕಿ. ಮೆಕ್ಕೆಜೋಳದ ಸೊಪ್ಪೆ ಮನೆಯಲ್ಲೇ ಇದೆ ಅನ್ನುತ್ತೀರೇನೋ. ಅದು ಗಡುಸು, ನೀರು ಹೀರುವುದೂ ಕಡಿಮೆ, ಬೇಕಾದರೆ ಕೆಳಗಿನ ಪದರಕ್ಕೆ ಬಳಸಿ. ಬೂಸ್ಟು ಹಿಡಿದ ಶೇಂಗಾ ಹೊಟ್ಟು, ಮಳೆಗೆ ನೆನೆದ ಹುಲ್ಲು ಬೇಡವೇ ಬೇಡ. ಕರು ಹಾಸಿಗೆಯನ್ನೂ ಮೇಯುತ್ತದೆ, ಆ ಬೂಸ್ಟಿನ ಧೂಳನ್ನು ಉಸಿರಾಡುತ್ತದೆ ಕೂಡ.

ಒದ್ದೆಯಾಗಿದೆಯೋ ಇಲ್ಲವೋ ಅಂತ ಕಣ್ಣಿಂದ ನೋಡಿ ಹೇಳಲು ಆಗುವುದಿಲ್ಲ. ಹಾಸಿಗೆ ಮೇಲೆ ಮಂಡಿ ಊರಿ, ನಿಧಾನಕ್ಕೆ ಇಪ್ಪತ್ತು ಎಣಿಸಿ ಏಳಿ. ಸೀರೆಗೆ ತೇವ ಹತ್ತಿದ್ದರೆ ಕರುವಿನ ಹೊಟ್ಟೆಗೂ ಹತ್ತಿದೆ. ದಿನಾ ಬೆಳಿಗ್ಗೆ ಒದ್ದೆಯಾದಷ್ಟನ್ನು ಬಾಚಿ ತಿಪ್ಪೆಗೆ ಹಾಕಿ ಮೇಲೆ ಒಣ ಹುಲ್ಲು ಉದುರಿಸಿ, ವಾರಕ್ಕೊಮ್ಮೆ ಪೂರ್ತಿ ತೆಗೆಯಿರಿ. ಕೆಲವರು ಒದ್ದೆ ಹಾಸಿಗೆ ಮೇಲೆಯೇ ಸುಣ್ಣ ಎರಚುತ್ತಾರೆ, ವಾಸನೆ ಹೋಗಲಿ ಅಂತ. ಸುಣ್ಣ ಬಿದ್ದರೆ ಗಂಜಲದಿಂದ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಸುಣ್ಣ ಹಾಕುವುದಿದ್ದರೆ ಹಾಸಿಗೆ ಪೂರ್ತಿ ತೆಗೆದು, ನೆಲ ಕೆರೆದು ತೊಳೆದು, ಒಣಗಿದ ಮೇಲೆ ತೆಳ್ಳಗೆ ಹಾಕಿ, ಬಿಸಿಲು ತಾಗಿಸಿ, ಆಮೇಲೆ ಹೊಸ ಹುಲ್ಲು ಹಾಸಿ. ಇನ್ನು ಕೊಟ್ಟಿಗೆ ತೊಳೆಯುವುದು ಬೆಳಿಗ್ಗೆಯೇ ಮುಗಿಯಲಿ. ಸಂಜೆ ಹಾಲು ಕರೆಯುವ ಮುಂಚೆ ಪೈಪ್ ಹಿಡಿದು ತೊಳೆದು, ಆ ತೇವವನ್ನು ರಾತ್ರಿಗೆ ಉಳಿಸಬೇಡಿ. ಕರುವಿನ ಮೈ ತೊಳೆಯಲೇಬೇಕಿದ್ದರೆ ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ, ಒರೆಸಿ ಬಿಡಿ.

ಬಲ್ಬ್ ಬಗ್ಗೆ ಕೇಳಿದಿರಿ. ನಮ್ಮ ಕಡೆಗೆ ಅದು ಬೇಕಾಗುವುದು ಅಪರೂಪ. ಹುಟ್ಟಿ ಎರಡು ದಿನವಾದ, ನಿತ್ರಾಣವಾದ ಕರು ಇದ್ದರೆ ಹಾಕಬಹುದು, ಕರುವಿಗೆ ಎಟುಕದ ಎತ್ತರದಲ್ಲಿ, ಹುಲ್ಲಿಗೆ ತಾಗದ ಹಾಗೆ, ಗಟ್ಟಿ ಸರಪಳಿಗೆ ತೂಗುಹಾಕಿ. ಒಣ ಹುಲ್ಲು, ಹಳೇ ವೈರು, ಬಿಸಿ ಬಲ್ಬ್ ಮೂರೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ, ಬೇಡ. ಅದಕ್ಕಿಂತ ಹಳೇ ಕಂಬಳಿ ಹುಡುಕಿ. ಪಕ್ಕದಲ್ಲೇ ಚಳ್ಳಕೆರೆ ಇಟ್ಟುಕೊಂಡು ಕಂಬಳಿಗೆ ಯೋಚನೆ ಮಾಡಬೇಕೇ! ಉಣ್ಣೆ ಸ್ವಲ್ಪ ತೇವವಾದರೂ ಕಾವು ಬಿಡುವುದಿಲ್ಲ, ಗೋಣಿತಾಟಿಗೆ ಆ ಗುಣವಿಲ್ಲ. ಕರುವಿನ ಬೆನ್ನಿಗೆ ಹೊದಿಸಿ ಎದೆಗೆ, ಹೊಟ್ಟೆಗೆ ಒಂದೊಂದು ಹಗ್ಗ ಸಡಿಲವಾಗಿ ಕಟ್ಟಿ. ಬೆಳಿಗ್ಗೆ ಬಿಸಿಲೇರಿದ ಕೂಡಲೇ ತೆಗೆದು ಕಂಬಳಿ ಒಣಗಲು ಹಾಕಿ, ಕರುವನ್ನೂ ಗಾಳಿ ಬಡಿಯದ ಕಡೆ ಎಳೆಬಿಸಿಲಿಗೆ ಕಟ್ಟಿ. ಚಳಿಗಾಲದಲ್ಲಿ ಒತ್ತೊತ್ತಾಗಿ ಮಲಗುವ ಎಮ್ಮೆಗರುಗಳಿಗೆ ಹೇನು ಜಾಸ್ತಿ, ಬಿಸಿಲಲ್ಲಿ ಕಿವಿಯ ಬುಡ, ಕತ್ತು, ತೊಡೆಸಂದು ಬಿಡಿಸಿ ನೋಡಿದರೆ ಕಾಣುತ್ತದೆ.

ಬೇವಿನ ಹೊಗೆ ನಿಲ್ಲಿಸಿ ಅಂದರೆ ಸೊಳ್ಳೆ ಏನು ಮಾಡುವುದು ಅನ್ನುತ್ತೀರಿ. ಹೊಗೆ ಹಾಕುವುದಿದ್ದರೆ ಸಂಜೆ ಕರುಗಳನ್ನು ಒಳಗೆ ಕಟ್ಟುವ ಮುಂಚೆ, ತಡಿಕೆಗಳನ್ನೆಲ್ಲ ತೆರೆದಿಟ್ಟು ಹಾಕಿ. ಹೊಗೆ ಆರಿದ ಮೇಲೆ ಕರು ಒಳಗೆ ಬರಲಿ. ರಾತ್ರಿಗೆ ಕರುವಿನ ಮೂಲೆಗೆ ಸೊಳ್ಳೆಪರದೆ ಇಳಿಬಿಡಿ. ಕೆಮ್ಮುವ ಕರು ಇರುವ ಕಡೆ ರಾತ್ರಿಯಿಡೀ ಹೊಗೆಯಾಡಿಸುವುದು ಗಾಯಕ್ಕೆ ಕಾರ ಸವರಿದ ಹಾಗೆ.

ಈಗ ನಿಮ್ಮ ಎರಡು ಕರುಗಳು. ಆರು ವಾರದ್ದು ಕೆಮ್ಮುತ್ತಿದೆ. ಮೆಡಿಕಲ್ ಅಂಗಡಿಯಿಂದ ಥರ್ಮಾಮೀಟರ್ ತನ್ನಿ, ಅದನ್ನು ಗುದದಲ್ಲಿ ಇಟ್ಟು ನೋಡಬೇಕು. 101ರಿಂದ 102.5 ಫ್ಯಾರನ್‌ಹೀಟ್ ಇದ್ದರೆ ಸರಿ. 103.5 ದಾಟಿದ್ದರೆ, ಇಲ್ಲವೇ ಸುಮ್ನೆ ಮಲಗಿದ್ದಾಗಲೂ ಪಕ್ಕೆ ನಿಮಿಷಕ್ಕೆ 50 ಸಲಕ್ಕಿಂತ ಜಾಸ್ತಿ ಏರಿಳಿಯುತ್ತಿದ್ದರೆ, ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಆವತ್ತೇ ಡಾಕ್ಟ್ರಿಗೆ ತೋರಿಸಿ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಮನೆ ಹತ್ತಿರ ಬರುತ್ತದೆ. ನ್ಯುಮೋನಿಯಾಕ್ಕೆ ಮೊದಲ ದಿನ ಕೊಟ್ಟ ಔಷಧಿ ಮಾಡುವ ಕೆಲಸವನ್ನು ನಾಲ್ಕನೇ ದಿನ ಕೊಟ್ಟದ್ದು ಮಾಡುವುದಿಲ್ಲ. ಎರಡು ಇಂಜೆಕ್ಷನ್ನಿಗೆ ಚೇತರಿಸಿಕೊಂಡಿತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ.

ಗೊಟ್ಟದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆಯವರು ಪ್ರೀತಿಯಿಂದಲೇ ಕುಡಿಸಿದ್ದಾರೆ, ನನಗೆ ಗೊತ್ತು. ಆದರೆ ಕರುವಿನ ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಎಣ್ಣೆ ಸುರಿದಾಗ ಒಂದೆರಡು ಗುಟುಕು ಶ್ವಾಸನಾಳಕ್ಕೆ ಇಳಿಯುವುದು ಬಹಳ ಸುಲಭ. ನೀರಾದರೆ ಕೆಮ್ಮಿ ಹೊರಹಾಕಬಹುದು. ಎಣ್ಣೆ ಕೆಮ್ಮನ್ನೂ ಎಬ್ಬಿಸದೆ ಜಾರಿ ಹೋಗಿ ಶ್ವಾಸಕೋಶದಲ್ಲಿ ಕೂರುತ್ತದೆ. ಆ ನ್ಯುಮೋನಿಯಾ ವಾಸಿಯಾಗುವುದು ಕಷ್ಟ. ಕೆಮ್ಮು ಎಣ್ಣೆ ಕುಡಿಸುವ ಮುಂಚೆಯೇ ಇತ್ತಾ, ಆಮೇಲೆ ಶುರುವಾಯಿತಾ ಅಂತ ನೆನಪು ಮಾಡಿಕೊಂಡು ಡಾಕ್ಟ್ರಿಗೆ ಹೇಳಿ, ಮುಚ್ಚಿಡಬೇಡಿ. ತಾನಾಗಿ ಚೀಪದ ಕರುವಿಗೆ ಏನನ್ನೂ, ಹಾಲನ್ನೂ, ಬಾಯಿಗೆ ಸುರಿಯಬಾರದು.

ಹನ್ನೆರಡು ದಿನದ್ದಕ್ಕೆ ಭೇದಿ. ಇದರಲ್ಲಿ ಕರು ಸಾಯುವುದು ಹೆಚ್ಚಾಗಿ ಮೈಯ ನೀರು ಆರಿ. ಹಾಲು ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಬಿಡಿ. ನಡುನಡುವೆ, ನಾವು ಕುಡಿಯುವ ಓಆರ್‌ಎಸ್ ಪುಡಿಯನ್ನೇ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಕಲಸಿ, ಮೊಲೆಬಾಟ್ಲಿಯಲ್ಲಿ ಚೀಪಿಸಿ, ದಿನಕ್ಕೆ ಎರಡು ಮೂರು ಸಲ. ಕಣ್ಣು ಗುಳಿ ಬಿದ್ದಿದ್ದರೆ, ಕತ್ತಿನ ಚರ್ಮ ಎಳೆದು ಬಿಟ್ಟಾಗ ಹಾಗೇ ನಿಂತರೆ, ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಗ್ಲೂಕೋಸ್ ಹಾಕಿಸಬೇಕಾಗುತ್ತದೆ, ಕಾಯಬೇಡಿ. ಇನ್ನೊಂದು, ಎಮ್ಮೆಗರುವಿಗೆ ಜಂತುಹುಳು ತಾಯಿಯ ಹಾಲಿನಲ್ಲೇ ಬರುತ್ತದೆ, ಹುಟ್ಟಿದ ಮೊದಲ ದಿನಗಳಲ್ಲೇ. ಮೂರು ವಾರಕ್ಕೆಲ್ಲ ಹೊಟ್ಟೆಯಲ್ಲಿ ಗೇಣುದ್ದದ ಹುಳು. ಜೇಡಿಮಣ್ಣಿನ ಬಣ್ಣದ, ಗಬ್ಬು ನಾತದ ಸಗಣಿ, ಡೊಳ್ಳು ಹೊಟ್ಟೆ, ಒರಟು ಕೂದಲು ಅದರ ಗುರುತು. ಹೋದ ವರ್ಷ ತಿಂಗಳೊಳಗೆ ಸತ್ತ ಕರುಗಳಲ್ಲಿ ಇದು ಇತ್ತಾ, ಸ್ವಲ್ಪ ಯೋಚಿಸಿ. ಹದಿನೈದು ದಿನ ತುಂಬುವ ಹೊತ್ತಿಗೆ ಮೊದಲ ಜಂತಿನ ಔಷಧಿ ಬೀಳಬೇಕು, ತೂಕ ನೋಡಿ ಆಸ್ಪತ್ರೆಯಲ್ಲೇ ಕೊಡುತ್ತಾರೆ. ಎಷ್ಟೋ ಜನ ಇದನ್ನೂ ಚಳಿ ಹೊಡೆತ ಅಂತಲೇ ತಿಳಿದಿರುತ್ತಾರೆ.

ಹಾಲಿನ ವಿಚಾರ ಹೇಳಿದರೆ ಬೇಜಾರಾಗುತ್ತೀರೇನೋ, ಆದರೂ ಹೇಳುತ್ತೇನೆ. ಮೂವತ್ತು ಕೆಜಿ ಕರುವಿಗೆ ದಿನಕ್ಕೆ ಮೂರು ಲೀಟರ್ ಹಾಲು ಬೇಕು, ತೂಕದ ಹತ್ತನೇ ಒಂದು ಭಾಗ. ಚಳಿ ಜಾಸ್ತಿ ಇರುವ ವಾರಗಳಲ್ಲಿ ಅದರ ಮೇಲೆ ಅರ್ಧ ಲೀಟರ್. ಎಮ್ಮೆ ಹಾಲಿಗೆ ಡೇರಿಯಲ್ಲಿ ಫ್ಯಾಟ್ ಚೆನ್ನಾಗಿ ಬರುತ್ತದೆ, ರೇಟೂ ಬರುತ್ತದೆ, ಹಾಗಾಗಿ ಕರುವಿಗೆ ಉಳಿಯುವುದು ಕರೆದು ಬಿಟ್ಟ ಒಂದು ಮೊಲೆಯ ತಳ. ಕೋಣಗರುವಾದರೆ ಅದೂ ಇಲ್ಲ. ಹೊಟ್ಟೆ ಖಾಲಿ ಇರುವ ಕರುವಿಗೆ ಯಾವ ಕಂಬಳಿ ಹೊದಿಸಿದರೂ ಕಾವು ಹುಟ್ಟುವುದಿಲ್ಲ. ಕರು ಸತ್ತ ಮೇಲೆ ಎಮ್ಮೆ ಹಾಲು ಇಳಿಸದೆ ಒದೆಯುವಾಗ ಲೆಕ್ಕ ಹಾಕಿದರೆ ಆ ಎರಡು ಲೀಟರ್ ಉಳಿಸಿದ್ದು ಎಷ್ಟು ದುಬಾರಿ ಅಂತ ತಿಳಿಯುತ್ತದೆ. ಎರಡನೇ ವಾರದಿಂದ ಕುಡಿಯಲು ಉಗುರುಬೆಚ್ಚಗಿನ ನೀರು, ಒಂದು ಹಿಡಿ ಕರುವಿನ ಹಿಂಡಿ ಎದುರಿಗಿಡಿ. ಹಿಂಡಿ ತಿಂದಷ್ಟೂ ಹೊಟ್ಟೆಯ ಒಲೆ ಬೇಗ ಹತ್ತಿಕೊಳ್ಳುತ್ತದೆ.

ಈಯಲಿರುವ ಎಮ್ಮೆಗೆ ಈಗಲೇ ಒಣ ಜಾಗ ಮಾಡಿಡಿ. ಕರು ಬಿದ್ದ ಕೂಡಲೇ ತಾಯಿ ನೆಕ್ಕಲಿ, ನೀವು ಒಣ ಗೋಣಿತಾಟಿನಿಂದ ಮೈ ಉಜ್ಜಿ ಒಣಗಿಸಿ. ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಒದ್ದೆ ಹಾಸಿಗೆಯಿಂದ ಹೊಕ್ಕುಳಿಗೆ ಕೀವಾಗಿ ಕೀಲು ಬಾತುಕೊಳ್ಳುವುದು ಎಮ್ಮೆಗರುಗಳಲ್ಲಿ ಬಹಳ. ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು. ಕಸ (ಮಾಸು) ಬೀಳುವವರೆಗೆ ಗಿಣ್ಣು ಬಿಡಬಾರದು ಅಂತ ಅತ್ತೆಯವರು ಅನ್ನಬಹುದು. ನಮ್ಮ ತಾಯಿಯೂ ಹಾಗೇ ಅನ್ನುತ್ತಿದ್ದರು. ಕರು ಮೊಲೆ ಚೀಪಿದರೆ ಕಸ ಬೀಳುವುದಕ್ಕೆ ಸಹಾಯವೇ ಆಗುತ್ತದೆ ಅಂತ ಅವರಿಗೆ ಹೇಳಿ. ಗಿಣ್ಣಿನಲ್ಲಿರುವ ರೋಗ ತಡೆಯುವ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಚೆನ್ನಾಗಿ, ಒಂದು ದಿನ ಕಳೆದರೆ ಬಾಗಿಲು ಮುಚ್ಚಿದ ಹಾಗೆ. ಮೊದಲ ದಿನ ಒಟ್ಟು ಎರಡೂವರೆ ಮೂರು ಲೀಟರ್ ಹೊಟ್ಟೆಗೆ ಹೋಗಲಿ. ಗಿಣ್ಣು ತಿನ್ನಲು ಮನೆಗೆ ಉಳಿಯುತ್ತದೆ, ಎಮ್ಮೆ ಅಷ್ಟು ಕೊಡುತ್ತದೆ. ಬೆಳಗಿನ ಜಾವ ಯಾವುದಾದರೂ ಕರು ತಣ್ಣಗಾಗಿ ಬಿದ್ದಿದ್ದರೆ ಮೊದಲು ಮೈ ಒಣಗಿಸಿ, ಬಿಸಿನೀರು ತುಂಬಿದ ಬಾಟ್ಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕೆಗೆ, ತೊಡೆಸಂದಿಗೆ ಇಟ್ಟು ಕಂಬಳಿ ಹೊದಿಸಿ. ಬಾಯಿ ಬೆಚ್ಚಗಾಗಿ ಬೆರಳು ಚೀಪಲು ಶುರುಮಾಡಿದ ಮೇಲೆ ಬೆಚ್ಚನೆಯ ಹಾಲು.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ದೀಪಾವಳಿ ಹೊತ್ತಿಗೆ ಈಯ್ದ ಎಮ್ಮೆ ಈಗ ಇನ್ನೇನು ಬೆದೆಗೆ ಬರುತ್ತದೆ. ಎಮ್ಮೆಗಳು ಹೆಚ್ಚಾಗಿ ಬೆದೆಗೆ ಬರುವುದೇ ಈ ಚಳಿಯಲ್ಲಿ, ಗಬ್ಬ ಸುಮಾರು 310 ದಿನ. ಜನವರಿಯಲ್ಲಿ ಗಬ್ಬ ನಿಂತರೆ ಬರುವ ನವೆಂಬರಿಗೆ ಕರು, ಮತ್ತೆ ಮಾಗಿಯ ಬಾಯಿಗೇ. ಹಾಗಾಗಿ ಬೇಸಿಗೆಯಲ್ಲಿ ಕೂಲಿಯವರು ಸಿಗುವಾಗ ಒಬ್ಬ ಗಾರೆಯವನನ್ನು ಕರೆಸಿ ಕರು ಕಟ್ಟುವ ಬದಿಗೆ ಇಳಿಜಾರು ಕೊಡಿಸಿ, ಗಂಜಲ ಹೊರಗೆ ಹೋಗಲು ಒಂದು ಕಾಲುವೆ ತೆಗೆಸಿಬಿಡಿ. ಸದ್ಯಕ್ಕೆ ಇವತ್ತು ಸಂಜೆ ತಾಡಪಾಲಿನ ಮೇಲಿನ ಹಗ್ಗ ಬಿಚ್ಚಿ, ಗೂಟ ಎತ್ತರದ ಬದಿಗೆ ಹಾಕಿ. ನಾಳೆ ಐದಕ್ಕೆ ಎದ್ದು ಶೀಟಿನ ಒಳಗಡೆ ಕೈಯಾಡಿಸಿ ನೋಡಿ. ಕೈ ಒದ್ದೆಯಾದರೆ ಮೇಲೆ ಇನ್ನೂ ಅರ್ಧ ಅಡಿ ಬಿಡಿ.